ದೂನ್ ಶಾಲೆಗೆ ತೊಂಬತ್ತು ವರ್ಷ: ಬಾಗಿಲು ಯಾರಿಗೆ ತೆರೆದಿತ್ತು?

2018ರ ಡಿಸೆಂಬರ್‌ನಿಂದ 2020ರ ಮಾರ್ಚ್‌ವರೆಗೆ ದೇಶದ ಮೂರು ರಾಜ್ಯಗಳಲ್ಲಿ ಮುಖ್ಯಮಂತ್ರಿಗಳಾಗಿದ್ದವರು ಒಂದೇ ಶಾಲೆಯ ಹಳೆಯ ವಿದ್ಯಾರ್ಥಿಗಳು. ಒಡಿಶಾದಲ್ಲಿ ನವೀನ್ ಪಟ್ನಾಯಕ್, ಪಂಜಾಬಿನಲ್ಲಿ ಅಮರಿಂದರ್ ಸಿಂಗ್, ಮಧ್ಯಪ್ರದೇಶದಲ್ಲಿ ಕಮಲ್ ನಾಥ್. ಮೂವರ ರಾಜ್ಯ ಬೇರೆ, ಬೆಳೆದ ದಾರಿ ಬೇರೆ, ಪಟ್ನಾಯಕ್ ಅವರ ಪಕ್ಷವೂ ಬೇರೆ. ಆದರೆ ಹುಡುಗರಾಗಿದ್ದಾಗ ಮೂವರೂ ಡೆಹ್ರಾಡೂನಿನ ದೂನ್ ಶಾಲೆಯಲ್ಲಿ ಉಂಡು ಮಲಗಿ ಎದ್ದವರು. ಆ ಶಾಲೆಯಲ್ಲಿ ಇವತ್ತಿಗೂ ಆರುನೂರು ಮಕ್ಕಳಿಲ್ಲ. ದೇಶದಲ್ಲಿರುವ ಶಾಲೆಗಳ ಸಂಖ್ಯೆಯೋ ಹದಿನಾಲ್ಕು ಲಕ್ಷ ದಾಟುತ್ತದೆ. ಇಷ್ಟು ಚಿಕ್ಕ ಶಾಲೆಯಿಂದ ಏಕಕಾಲಕ್ಕೆ ಮೂವರು ಮುಖ್ಯಮಂತ್ರಿಗಳು ಬಂದರೆ ಅದು ಅದೃಷ್ಟದ ಆಟವಲ್ಲ. ಅದರ ಹಿಂದೆ ಒಂದು ವ್ಯವಸ್ಥೆ ಇದೆ, ಆ ವ್ಯವಸ್ಥೆಗೆ ಒಂದು ಚರಿತ್ರೆ ಇದೆ.

2025ರ ಸೆಪ್ಟೆಂಬರ್ 10ಕ್ಕೆ ಆ ಶಾಲೆಗೆ ತೊಂಬತ್ತು ತುಂಬಿತು. ಅದಕ್ಕೆ ಎರಡು ವರ್ಷ ಮೊದಲು, 2023ರಲ್ಲಿ, ನಮ್ಮ ಬೆಂಗಳೂರಿನ ದೇವನಹಳ್ಳಿ ಕಡೆ ಲಂಡನ್ನಿನ ಹ್ಯಾರೋ ಶಾಲೆಯ ಹೆಸರು ಹೊತ್ತ ವಸತಿ ಶಾಲೆಯೊಂದು ಬಾಗಿಲು ತೆರೆಯಿತು. ಅದೇ ವರ್ಷ ಪುಣೆಗೆ ವೆಲ್ಲಿಂಗ್ಟನ್ ಕಾಲೇಜಿನ ಹೆಸರೂ ಬಂತು. ಹಳೆಯ ಇಂಗ್ಲಿಷ್ ಶಾಲೆಗಳು ಭಾರತದ ಸಿರಿವಂತರ ಮಕ್ಕಳನ್ನು ಹುಡುಕಿಕೊಂಡು ಬರುತ್ತಿರುವ ಹೊತ್ತಿನಲ್ಲಿ, ಅಂಥದೇ ಮಾದರಿಯನ್ನು ಭಾರತೀಯರೇ ಕೈಗೆತ್ತಿಕೊಂಡು ಕಟ್ಟಿದ ದೂನ್ ಏನು ಮಾಡಿತು, ಏನು ಮಾಡಲಿಲ್ಲ ಎಂದು ನೋಡುವುದು ಬರೀ ಚರಿತ್ರೆಯ ಕುತೂಹಲವಲ್ಲ. ಮಕ್ಕಳನ್ನು ಊರಿನಿಂದ, ಮನೆಯಿಂದ ತಂದು ಒಂದೆಡೆ ಇರಿಸಿ ಬೆಳೆಸುವ ಈ ವಿಧಾನಕ್ಕೆ ನಮ್ಮ ರಾಜ್ಯ ಸರ್ಕಾರವೂ ಪ್ರತಿವರ್ಷ ದೊಡ್ಡ ಮೊತ್ತ ಹಾಕುತ್ತಿದೆ. ಅದರ ಒಳಿತು ಕೆಡುಕು ನಮಗೆ ತಿಳಿದಿರಬೇಕು.

ರಾಜಕುಮಾರರ ಶಾಲೆಗಳ ನಂತರ

ದೂನ್‌ಗೂ ಮೊದಲು ಭಾರತದಲ್ಲಿ ವಸತಿ ಶಾಲೆಗಳಿದ್ದವು. ಅವುಗಳಲ್ಲಿ ಒಂದು ಬಗೆ ಬಿಳಿಯರ ಮಕ್ಕಳಿಗೆಂದು ಗಿರಿಧಾಮಗಳಲ್ಲಿ ಕಟ್ಟಿದ್ದು. 1847ರಲ್ಲಿ ಶುರುವಾದ ಸನಾವರದ ಲಾರೆನ್ಸ್ ಶಾಲೆ, 1858ರಲ್ಲಿ ಊಟಿಯ ಬಳಿ ಶುರುವಾದ ಲವ್‌ಡೇಲ್ ಶಾಲೆ ಈ ಸಾಲಿನವು. ಬ್ರಿಟಿಷ್ ಸೈನಿಕರ ಮಕ್ಕಳಿಗೆ ಬಯಲುಸೀಮೆಯ ಬಿಸಿಲು, ಕಾಯಿಲೆ ತಾಗದಿರಲಿ ಎಂಬುದು ಅಲ್ಲಿನ ಮೊದಲ ಕಾಳಜಿ. ಇನ್ನೊಂದು ಬಗೆ ದೇಶೀ ಸಂಸ್ಥಾನಗಳ ರಾಜಕುಮಾರರಿಗೆಂದು ಕಟ್ಟಿದ್ದು: ರಾಜಕೋಟದ ರಾಜಕುಮಾರ ಕಾಲೇಜು, 1875ರ ಅಜ್ಮೀರದ ಮೇಯೋ ಕಾಲೇಜು, ಇಂದೋರಿನ ಡೇಲಿ, ಲಾಹೋರಿನ ಐಚಿಸನ್. ಮೇಯೋದ ಮೊದಲ ವಿದ್ಯಾರ್ಥಿ, ಅಲ್ವರಿನ ಎಳೆಯ ಮಹಾರಾಜ, ಆನೆ ಒಂಟೆ ಪರಿವಾರದ ಸಮೇತ ಶಾಲೆಗೆ ಬಂದ ಕಥೆ ಇವತ್ತಿಗೂ ಹೇಳುತ್ತಾರೆ. ನಾಳೆ ಪಟ್ಟಕ್ಕೆ ಏರುವ ಹುಡುಗ ಬ್ರಿಟಿಷರಿಗೆ ನಿಷ್ಠನಾಗಿ, ಕ್ರಿಕೆಟ್ ಆಡಿಕೊಂಡು, ಕುದುರೆ ಸವಾರಿ ಕಲಿತು, ದರಬಾರಿನ ಒಳಸಂಚುಗಳಿಂದ ದೂರ ಬೆಳೆಯಬೇಕು ಎಂಬುದು ಅಲ್ಲಿನ ಲೆಕ್ಕಾಚಾರ.

ಕಲ್ಕತ್ತೆಯ ವಕೀಲ ಸತೀಶ್ ರಂಜನ್ ದಾಸ್ ಕಂಡ ಕನಸು ಇವೆರಡಕ್ಕಿಂತ ಬೇರೆ. ಇವರು ಸ್ವಾತಂತ್ರ್ಯ ಹೋರಾಟದ ನಾಯಕ ಚಿತ್ತರಂಜನ್ ದಾಸ್ ಅವರ ದಾಯಾದಿ, ಬ್ರಹ್ಮಸಮಾಜದ ಹಿನ್ನೆಲೆಯವರು, ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾನೂನು ಸದಸ್ಯರಾಗಿದ್ದವರು. ಜಾತಿ ಮತ ಪ್ರಾಂತ್ಯ ನೋಡದೆ ಭಾರತೀಯ ಹುಡುಗರನ್ನು ಒಂದೇ ಸೂರಿನಡಿ ಬೆಳೆಸುವ, ಭಾರತೀಯರ ಹಣದಿಂದ ಭಾರತೀಯರೇ ನಡೆಸುವ ಶಾಲೆ ಬೇಕೆಂದು ದೇಶ ಸುತ್ತಿ ದೇಣಿಗೆ ಎತ್ತಿದರು, ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಆದರೆ 1928ರಲ್ಲೇ ತೀರಿಕೊಂಡರು. ಶಾಲೆಯನ್ನು ಕಣ್ಣಾರೆ ನೋಡುವ ಯೋಗ ಅವರಿಗೆ ಇರಲಿಲ್ಲ. ಮುಂದೆ ಏಳು ವರ್ಷ ಕಳೆದು, ಅರಣ್ಯ ಸಂಶೋಧನಾ ಸಂಸ್ಥೆ ಬಿಟ್ಟುಹೋಗಿದ್ದ ಚಾಂದ್‌ಬಾಗ್ ಎಂಬ ತೋಪಿನಲ್ಲಿ ಸುಮಾರು ಎಪ್ಪತ್ತು ಹುಡುಗರೊಂದಿಗೆ ಶಾಲೆ ಶುರುವಾಯಿತು. ಅರಣ್ಯಶಾಸ್ತ್ರಜ್ಞರು ದೇಶ ವಿದೇಶಗಳಿಂದ ತಂದು ನೆಟ್ಟ ಮರಗಳು ಆ ಆವರಣದಲ್ಲಿ ಮೊದಲೇ ಬೆಳೆದು ನಿಂತಿದ್ದವು.

ದೇಣಿಗೆ ಕೊಟ್ಟವರ ಹೆಸರುಗಳು ಇವತ್ತಿಗೂ ಅಲ್ಲಿನ ಹಾಸ್ಟೆಲುಗಳ ಮೇಲಿವೆ: ಹೈದರಾಬಾದ್ ಹೌಸ್, ಕಾಶ್ಮೀರ್ ಹೌಸ್, ಜೈಪುರ್ ಹೌಸ್, ಟಾಟಾ ಹೌಸ್. ಬಹಳ ನಂತರ ಒಬೆರಾಯ್ ಹೌಸ್ ಸೇರಿತು. ಮೂರು ಸಂಸ್ಥಾನ, ಒಂದು ಉದ್ಯಮ ಮನೆತನ. ಈ ಪಟ್ಟಿಯಲ್ಲಿ ಹೈದರಾಬಾದಿನ ಹೆಸರು ಕನ್ನಡಿಗರು ಒಂದು ಕ್ಷಣ ನಿಂತು ನೋಡಬೇಕಾದದ್ದು. 1935ರಲ್ಲಿ ನಿಜಾಮರ ಆ ಸಂಸ್ಥಾನದೊಳಗೆ ಬೀದರ್, ಕಲಬುರಗಿ, ರಾಯಚೂರು ಇದ್ದವು. ಸಂಸ್ಥಾನದ ಬೊಕ್ಕಸಕ್ಕೆ ಆ ಸೀಮೆಯ ಒಕ್ಕಲು ಮಕ್ಕಳೂ ಕಂದಾಯ ಕಟ್ಟುತ್ತಿದ್ದರು. ಅವರ ಊರುಗಳಲ್ಲಿ ಕನ್ನಡ ಶಾಲೆಗೇ ಗತಿಯಿಲ್ಲದಿದ್ದ ಕಾಲ ಅದು. ಅದೇ ಭಾಗಕ್ಕೆ ಶಿಕ್ಷಣದಲ್ಲಿ, ಉದ್ಯೋಗದಲ್ಲಿ ವಿಶೇಷ ಮೀಸಲಾತಿ ಸಿಗಲು ಸಂವಿಧಾನಕ್ಕೆ 371 ಜೆ ವಿಧಿ ಸೇರಿಸಬೇಕಾಗಿ ಬಂದದ್ದು ಮುಕ್ಕಾಲು ಶತಮಾನದ ನಂತರ. ದೂನ್ ಶಾಲೆಯ ತಪ್ಪು ಇದರಲ್ಲಿಲ್ಲ. ಆದರೆ ಯಾವ ಹಣ ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಎಂಬುದು ಇಂಥ ಶಾಲೆಗಳ ಚರಿತ್ರೆಯಲ್ಲಿ ಸಾಮಾನ್ಯವಾಗಿ ಬರೆಯದೆ ಉಳಿಯುವ ಪುಟ.

ಛೋಟಾ ಹಾಜ್ರಿಯಿಂದ ಬೆಟ್ಟದ ತುದಿಯವರೆಗೆ

ಮೊದಲ ಹೆಡ್‌ಮಾಸ್ಟರ್ ಆರ್ಥರ್ ಫುಟ್ ಇಂಗ್ಲೆಂಡಿನ ಈಟನ್ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಅದಕ್ಕೂ ಮೊದಲು ಭಾರತ ನೋಡಿದವರಲ್ಲ. ಅವರ ನಂತರ ಹೆಡ್‌ಮಾಸ್ಟರ್ ಆದ ಜಾನ್ ಮಾರ್ಟಿನ್ ಹ್ಯಾರೋದಿಂದ ಬಂದವರು. ಈಟನ್, ಹ್ಯಾರೋಗಳ ಪಡಿಯಚ್ಚು ಇಲ್ಲಿ ಬೀಳುತ್ತದೆ ಎಂದುಕೊಂಡಿದ್ದವರಿಗೆ ಮೊದಲ ದಿನಗಳಿಂದಲೇ ಬೇರೆಯದು ಕಂಡಿತು. ಪ್ರಾರ್ಥನಾ ಮಂದಿರ ಕಟ್ಟಲಿಲ್ಲ. ಬೆಳಗಿನ ಸಭೆಯಲ್ಲಿ ಎಲ್ಲ ಧರ್ಮದ ಹುಡುಗರೂ ಒಟ್ಟಿಗೆ ನಿಂತರು. ಊಟದ ಮನೆಯಲ್ಲಿ ಜಾತಿಗೊಂದು ಪಂಕ್ತಿ ಇರಲಿಲ್ಲ. 1935ರ ಭಾರತದಲ್ಲಿ, ರೈಲ್ವೆ ನಿಲ್ದಾಣದಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಕೊಡುತ್ತಿದ್ದ ಕಾಲದಲ್ಲಿ, ಇದು ಸಣ್ಣ ಮಾತಲ್ಲ. ಟ್ಯಾಗೋರರ 'ಜನ ಗಣ ಮನ'ವನ್ನು ಶಾಲೆ ತನ್ನ ಹಾಡಾಗಿ ಆ ವರ್ಷವೇ ಆರಿಸಿಕೊಂಡಿತು. ಅದು ದೇಶದ ರಾಷ್ಟ್ರಗೀತೆಯಾಗಲು ಇನ್ನೂ ಹದಿನೈದು ವರ್ಷ ಬೇಕಿತ್ತು.

ಹುಡುಗರೆದುರು ಫುಟ್ ಮೊದಲಿಗೆ ಹೇಳಿದ ಮಾತನ್ನು ಶಾಲೆ ಇವತ್ತಿಗೂ ನೆನೆಯುತ್ತದೆ. ಇಲ್ಲಿಂದ ಹೊರಬರುವವರು ಕುಲೀನರೇ ಆಗಬೇಕು, ಆದರೆ ಹಣ, ಅಂತಸ್ತು, ಸವಲತ್ತಿನ ಕುಲೀನರಲ್ಲ, ನಿಸ್ವಾರ್ಥ ಸೇವೆಯ ಕುಲೀನರು ಎಂಬುದು ಆ ಮಾತಿನ ತಿರುಳು. ಶಾಲೆಯನ್ನು ಅಳೆಯಬೇಕಾದರೆ ಇದೇ ಅಳತೆಗೋಲಿನಿಂದ ಅಳೆಯಬೇಕು. ಹೊರಗಿನವರು ತಂದು ಹೇರಿದ್ದಲ್ಲ, ಶಾಲೆ ತಾನೇ ತನಗೆ ಇಟ್ಟುಕೊಂಡದ್ದು.

ದಿನಚರಿ ನೋಡಿದರೆ ಶಾಲೆಯ ಗುಣ ತಿಳಿಯುತ್ತದೆ. ನಸುಕಿನಲ್ಲಿ ಗಂಟೆ ಬಾರಿಸಿದರೆ 'ಛೋಟಾ ಹಾಜ್ರಿ', ಅಂದರೆ ಬೆಳಗಿನ ಚಹಾದ ಹೊತ್ತು. ಅದರ ಬೆನ್ನಿಗೇ ಮೈದಾನದಲ್ಲಿ ಪಿ.ಟಿ. ಆಮೇಲೆ ತರಗತಿ, ಆಟ, ಕರಕುಶಲ, ಸಂಜೆ ಓದು. ಹುಡುಗರೇ ಬರೆದು, ತಿದ್ದಿ, ಅಚ್ಚು ಹಾಕಿಸುವ ವಾರಪತ್ರಿಕೆ 1936ರಿಂದ ನಡೆದುಬಂದಿದೆ. ಬಯಲು ರಂಗಮಂದಿರವನ್ನು ಹಿಂದಿನ ಹುಡುಗರು ತಾವೇ ಮಣ್ಣು ಹೊತ್ತು ಕಟ್ಟಿದರು. ವರ್ಷಕ್ಕೆರಡು ಬಾರಿ 'ಮಿಡ್‌ಟರ್ಮ್' ಬರುತ್ತದೆ. ಆಗ ಇಡೀ ಶಾಲೆ ಖಾಲಿ. ತಂಡ ತಂಡವಾಗಿ ಹುಡುಗರು ಗಢವಾಲದ ಬೆಟ್ಟಗಳಿಗೆ ಹೊರಡುತ್ತಾರೆ. ಚಿಕ್ಕವರ ಜೊತೆ ಮೇಷ್ಟ್ರು ಇರುತ್ತಾರೆ. ದೊಡ್ಡ ತರಗತಿಯವರು ತಾವೇ ಹೋಗುತ್ತಾರೆ. ಎಲ್ಲಿಗೆ ಹೋಗುವುದು, ಎಷ್ಟು ಖರ್ಚು, ಎಷ್ಟು ಬೇಳೆ ಅಕ್ಕಿ ಹೊರಬೇಕು, ಮಳೆ ಬಂದರೆ ಎಲ್ಲಿ ತಂಗುವುದು ಎಲ್ಲವೂ ಅವರದೇ ಲೆಕ್ಕ. ಹದಿನಾರರ ಹುಡುಗ ಸೀಮೆಎಣ್ಣೆ ಒಲೆ ಹೊತ್ತಿಸಿ, ಅರೆಬೆಂದ ಖಿಚಡಿಯನ್ನು ಗೆಳೆಯರಿಗೆ ಬಡಿಸಿ, ಮರುದಿನ ಅವರನ್ನು ಹತ್ತು ಸಾವಿರ ಅಡಿ ಎತ್ತರಕ್ಕೆ ನಡೆಸಿಕೊಂಡು ಹೋಗುವುದು ಯಾವ ಪಠ್ಯಪುಸ್ತಕವೂ ಕೊಡದ ಪಾಠ. ಶಾಲೆಯ ನಿಜವಾದ ಬಲ ಇಲ್ಲಿದೆ ಎಂದು ನನಗನಿಸುತ್ತದೆ. ಸಿರಿವಂತಿಕೆಗೂ ಇದಕ್ಕೂ ಸಂಬಂಧವೇ ಇಲ್ಲ.

ಈ ಬೆಟ್ಟದ ನಂಟನ್ನು ತಂದವರು ಜಾಕ್ ಗಿಬ್ಸನ್, ಹೋಲ್ಡ್ಸ್‌ವರ್ತ್‌ರಂಥ ಶಿಕ್ಷಕರು. ಹೋಲ್ಡ್ಸ್‌ವರ್ತ್ 1931ರಲ್ಲಿ ಕಾಮೆಟ್ ಶಿಖರ ಏರಿದ ತಂಡದಲ್ಲಿದ್ದವರು. ಅದೇ ಶಾಲೆಯ ಭೂಗೋಳದ ಮೇಷ್ಟ್ರು ಗುರುದಯಾಳ್ ಸಿಂಗ್ 1951ರಲ್ಲಿ ತ್ರಿಶೂಲ ಶಿಖರಕ್ಕೆ ಭಾರತೀಯರ ತಂಡ ಕಟ್ಟಿ ತುದಿ ಮುಟ್ಟಿದರು. ಭಾರತೀಯ ಪರ್ವತಾರೋಹಣದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ ಎನ್ನುವವರಿದ್ದಾರೆ. ದೂನ್‌ನಲ್ಲಿ ಓದಿದ ನರೇಂದ್ರ ಧರ್ ಜಯಾಲ್ 1954ರಲ್ಲಿ ಶುರುವಾದ ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯ ಮೊದಲ ಪ್ರಾಂಶುಪಾಲರು. ಒಂದು ಶಾಲೆಯ ಹವ್ಯಾಸ ದೇಶದ ಸಂಸ್ಥೆಯಾಗಿ ಬೆಳೆದ ಬಗೆ ಇದು.

ಇನ್ನು ಹೊರಬಂದವರ ಹೆಸರು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಕಾದಂಬರಿಕಾರರಾದ ವಿಕ್ರಮ್ ಸೇಠ್, ಅಮಿತಾವ್ ಘೋಷ್, ಶಿಲ್ಪಿ ಅನೀಶ್ ಕಪೂರ್, ಬೆಂಗಳೂರಿನಲ್ಲೇ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ, ಪತ್ರಕರ್ತ ಕರಣ್ ಥಾಪರ್. ಗಡಿಯಾಚೆಗೂ ಈ ಶಾಲೆಯ ನೆನಪು ಹಬ್ಬಿದೆ: ಪಾಕಿಸ್ತಾನದ ಜನರಲ್ ಗುಲಾಂ ಜೀಲಾನಿ ಖಾನ್ ತಮ್ಮ ಹಳೆಯ ಶಾಲೆಯ ಮಾದರಿಯಲ್ಲೇ ಲಾಹೋರಿನ ಬಳಿ ಒಂದು ಶಾಲೆ ಕಟ್ಟಿಸಿದರು. ಅದಕ್ಕೆ ಇಟ್ಟ ಹೆಸರು ಚಾಂದ್‌ಬಾಗ್.

ಒಳಗಿನ ನೋವು, ಒಳಗಿನ ನಂಟು

ಹೊಗಳಿಕೆ ಇಷ್ಟಕ್ಕೇ ನಿಲ್ಲಿಸಬೇಕು. ಏಕೆಂದರೆ ಈ ಶಾಲೆಯ ಬಗ್ಗೆ ಅತ್ಯಂತ ಕಠಿಣವಾದ ಮಾತನ್ನು ಆಡಿದವರು ಅದರ ಹೆಮ್ಮೆಯ ವಿದ್ಯಾರ್ಥಿಯೇ. 1992ರಲ್ಲಿ ಸಂಸ್ಥಾಪನಾ ದಿನದ ಮುಖ್ಯ ಅತಿಥಿಯಾಗಿ ಬಂದ ವಿಕ್ರಮ್ ಸೇಠ್, ಆ ವೇದಿಕೆಯ ಮೇಲೆ ನಿಂತೇ, ಅಲ್ಲಿ ಕಳೆದ ಆರು ವರ್ಷಗಳ ಒಂಟಿತನವನ್ನು ಬಿಚ್ಚಿಟ್ಟರು. ದೊಡ್ಡ ಹುಡುಗರ ಕಾಟ, ಸಹಪಾಠಿಗಳ ಗೇಲಿ, ರಾತ್ರಿ ದೀಪ ಆರಿದ ಮೇಲೆ ಮರುದಿನದ ಛೋಟಾ ಹಾಜ್ರಿ ಗಂಟೆ ಕೇಳುವುದಕ್ಕೆ ಏಳದೇ ಹೋದರೆ ಚೆನ್ನಿತ್ತು ಅನಿಸುತ್ತಿದ್ದದ್ದು, ಎಲ್ಲವನ್ನೂ ಹೇಳಿದರು. ಓದಿನಲ್ಲಿ ಮುಂದಿದ್ದ, ವಾರಪತ್ರಿಕೆಗೆ ಸಂಪಾದಕನಾಗಿದ್ದ ಹುಡುಗನಿಗೇ ಹೀಗಾಗಿದ್ದರೆ ಉಳಿದವರ ಪಾಡೇನು? ಹನ್ನೆರಡು ವರ್ಷದ ಮಗುವನ್ನು ತಾಯಿಯ ಮಡಿಲಿನಿಂದ ಬಿಡಿಸಿ, ಹದಿನಾರು ಹದಿನೇಳರ ಹುಡುಗರ ಅಧಿಕಾರದ ಕೆಳಗೆ ಬಿಡುವ ಪದ್ಧತಿ ಇಂಗ್ಲೆಂಡಿನಿಂದ ಬಂದ ಬಳುವಳಿ. ಹಿರಿಯರಿಗೆ ಕಿರಿಯರು ಚಾಕರಿ ಮಾಡುವುದನ್ನು ಅಲ್ಲಿ ಶಿಸ್ತು ಎಂದೇ ಎಣಿಸಿದ್ದರು. ಇಲ್ಲಿ ಅದನ್ನು ಕಿತ್ತುಹಾಕಲು ಬಹಳ ವರ್ಷ ಬೇಕಾಯಿತು. ವಸತಿ ಶಾಲೆ ಯಾವುದೇ ಇರಲಿ, ಸಿರಿವಂತರದೋ ಸರ್ಕಾರದ್ದೋ, ಕತ್ತಲಾದ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಸಮಾಜಶಾಸ್ತ್ರಜ್ಞ ಸಂಜಯ್ ಶ್ರೀವಾಸ್ತವ ಈ ಶಾಲೆಯ ಮೇಲೆ ದೀರ್ಘ ಅಧ್ಯಯನ ನಡೆಸಿ ಎತ್ತಿದ ಆಕ್ಷೇಪ ಇನ್ನೂ ಆಳದ್ದು. ಜಾತ್ಯತೀತ, ವೈಜ್ಞಾನಿಕ ಮನೋಭಾವದ ಆಧುನಿಕ ಭಾರತೀಯನನ್ನು ರೂಪಿಸುತ್ತೇವೆ ಎಂದು ಶಾಲೆ ಹೊರಟಿತು. ಆದರೆ ಆ 'ಭಾರತೀಯ'ನ ಚಿತ್ರ ಸದ್ದಿಲ್ಲದೆ ಮೇಲ್ಜಾತಿಯ, ನಗರದ, ಇಂಗ್ಲಿಷ್ ಬಲ್ಲ ಗಂಡಸಿನದೇ ಆಗಿತ್ತು ಎಂಬುದು ಅವರ ವಾದದ ಸಾರ. ಒಪ್ಪಲು ಕಷ್ಟವೇನಿಲ್ಲ. ಊಟದ ಮನೆಯಲ್ಲಿ ಜಾತಿ ಕೇಳಲಿಲ್ಲ ನಿಜ, ಆದರೆ ಊಟದ ಮನೆಯವರೆಗೆ ಬರಬೇಕಾದರೆ ಶುಲ್ಕ ಕಟ್ಟುವ ತಂದೆ ಇರಬೇಕಿತ್ತು. ತೊಂಬತ್ತು ವರ್ಷವಾದರೂ ಅದು ಗಂಡುಮಕ್ಕಳ ಶಾಲೆಯಾಗಿಯೇ ಇದೆ.

ನಂಟಿನ ಮಾತಿಗೆ ಬರೋಣ. ಇಂಥ ಶಾಲೆಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ ಹಣ ಕಟ್ಟುವ ಪೋಷಕರು ಏನನ್ನು ಕೊಳ್ಳುತ್ತಿದ್ದಾರೆ? ಬರೀ ಗಣಿತ, ವಿಜ್ಞಾನವಾದರೆ ಅದು ಕಡಿಮೆ ಹಣಕ್ಕೂ ಸಿಗುತ್ತದೆ. ಐಐಟಿ ಸೇರಬೇಕೆನ್ನುವ ಹುಡುಗ ಕೋಟಾಕ್ಕೆ ಹೋಗುತ್ತಾನೆ, ದೂನ್‌ಗಲ್ಲ. ಇಲ್ಲಿ ಸಿಗುವುದು ಒಂದು ಬಳಗ. ಹನ್ನೆರಡರಿಂದ ಹದಿನೆಂಟರವರೆಗೆ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಶಿಕ್ಷೆಗೆ ಗುರಿಯಾಗಿ, ಒಂದೇ ಬೆಟ್ಟ ಹತ್ತಿದವರ ನಡುವೆ ಹುಟ್ಟುವ ನಂಬಿಕೆ ನಲವತ್ತು ವರ್ಷ ಕಳೆದರೂ ಸವೆಯುವುದಿಲ್ಲ. ಒಬ್ಬ ಸಚಿವನಾಗಿರುತ್ತಾನೆ, ಒಬ್ಬ ಬ್ಯಾಂಕಿನಲ್ಲಿ, ಒಬ್ಬ ಪತ್ರಿಕೆಯಲ್ಲಿ. ಫೋನ್ ಮಾಡಿದರೆ ಎತ್ತುತ್ತಾರೆ. ಪರಿಚಯ ಮಾಡಿಸಿಕೊಡುತ್ತಾರೆ. ಲಂಚವಿಲ್ಲ, ಒತ್ತಡವಿಲ್ಲ, ಕಾನೂನು ಮೀರಿದ್ದೂ ಏನಿಲ್ಲ. ಆದರೆ ರಾಯಚೂರಿನ ಹಳ್ಳಿಯಿಂದ ಅಷ್ಟೇ ಅಂಕ ತೆಗೆದು ದಿಲ್ಲಿಗೆ ಹೋದ ಹುಡುಗಿಗೆ ಆ ಫೋನ್ ನಂಬರು ಇರುವುದಿಲ್ಲ. ಅಸಮಾನತೆ ಹೀಗೆ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುತ್ತದೆ. ಈಟನ್‌ನಿಂದ ಬ್ರಿಟನ್ನಿಗೆ ಇಪ್ಪತ್ತು ಪ್ರಧಾನಿಗಳು ಬಂದದ್ದೂ ಇದೇ ಬಗೆಯಲ್ಲಿ. ಬಡ ಹುಡುಗರಿಗೆ ಉಚಿತವಾಗಿ ಕಲಿಸಲೆಂದು ಆರನೇ ಹೆನ್ರಿ ದೊರೆ 1440ರಲ್ಲಿ ಕಟ್ಟಿಸಿದ ಶಾಲೆ ಅದು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ರಾಜೀವ್, ನರಸಿಂಹ ರಾವ್ ಮತ್ತು ನವೋದಯ

ದೂನ್ ಬಳಗ ಅಧಿಕಾರದ ನಡುಮನೆಗೆ ಬಂದದ್ದು 1984ರಲ್ಲಿ, ರಾಜೀವ್ ಗಾಂಧಿ ಪ್ರಧಾನಿಯಾದಾಗ. ಅಲ್ಲಿಯೇ ಓದಿದ ಗೆಳೆಯ ಅರುಣ್ ಸಿಂಗ್ ರಕ್ಷಣಾ ಖಾತೆಯ ರಾಜ್ಯ ಸಚಿವರಾದರು. ಮಣಿಶಂಕರ್ ಅಯ್ಯರ್ ಪ್ರಧಾನಿ ಕಚೇರಿಯಲ್ಲಿದ್ದರು. ಕಂಪ್ಯೂಟರ್ ಗೊತ್ತಿರುವ, ಹೊಸ ಕಾಲದ ಹುಡುಗರು ಬಂದರು ಎಂದು ಪತ್ರಿಕೆಗಳು ಮೊದಲು ಮೆಚ್ಚಿದವು. ವರ್ಷ ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಪತ್ರಿಕೆಗಳು ದೇಶವನ್ನು ಒಂದು ಶಾಲೆಯ ಗೆಳೆಯರ ಗುಂಪು ನಡೆಸುತ್ತಿದೆ ಎಂದು ಬರೆದವು. ಎರಡರಲ್ಲೂ ಸತ್ಯವಿತ್ತು.

ಆದರೆ ಅದೇ ಸರ್ಕಾರ 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಪ್ರತಿ ಜಿಲ್ಲೆಗೊಂದು ಉಚಿತ ವಸತಿ ಶಾಲೆ. ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲವೂ ಸರ್ಕಾರದ್ದು. ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ಮೀಸಲಾತಿ. ಇವೇ ಜವಾಹರ್ ನವೋದಯ ವಿದ್ಯಾಲಯಗಳು. ದೂನ್‌ನಲ್ಲಿ ಓದಿದ ಪ್ರಧಾನಿ ತಾನು ಕಂಡದ್ದನ್ನು ಹಳ್ಳಿ ಮಕ್ಕಳಿಗೂ ಕೊಟ್ಟ ಎಂದು ಈ ಕಥೆಯನ್ನು ಹೇಳುವ ರೂಢಿಯಿದೆ. ಅದು ಅರ್ಧ ಕಥೆ. ಆಗ ಮಾನವ ಸಂಪನ್ಮೂಲ ಸಚಿವರಾಗಿದ್ದವರು ಪಿ.ವಿ. ನರಸಿಂಹ ರಾವ್. ಅವರು ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ, 1971ರಲ್ಲೇ, ನಲ್ಲಗೊಂಡ ಜಿಲ್ಲೆಯ ಸರ್ವೇಲ್ ಎಂಬ ಹಳ್ಳಿಯಲ್ಲಿ ಬಡ ಮಕ್ಕಳಿಗೆ ತೆಲುಗು ನೆಲದ ಗುರುಕುಲ ಶಾಲೆ ತೆರೆದಿದ್ದರು. ದುಬಾರಿ ಶುಲ್ಕವಿಲ್ಲದೆ, ಇಂಗ್ಲಿಷ್ ಹೆಡ್‌ಮಾಸ್ಟರ್ ಇಲ್ಲದೆ ವಸತಿ ಶಾಲೆ ನಡೆಸಬಹುದು ಎಂದು ತೋರಿಸಿದ್ದು ಸರ್ವೇಲ್. ನವೋದಯದ ಹುಟ್ಟಿನಲ್ಲಿ ಅದರ ಪಾಲು ದೂನ್‌ನಷ್ಟೇ ದೊಡ್ಡದು. ನನ್ನನ್ನು ಕೇಳಿದರೆ, ತುಸು ದೊಡ್ಡದೇ.

ನವೋದಯ ಪರೀಕ್ಷೆ ಎಂದರೆ ನಮ್ಮ ಹಳ್ಳಿಗಳಲ್ಲಿ ಏನೆಂದು ತಿಳಿಯಬೇಕಾದರೆ ಐದನೇ ತರಗತಿಯ ಮೇಷ್ಟ್ರನ್ನು ಕೇಳಬೇಕು. ಶಾಲೆ ಬಿಟ್ಟ ಮೇಲೂ ಚುರುಕಾದ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು, ಹಳೆಯ ಪ್ರಶ್ನೆಪತ್ರಿಕೆಯ ಜೆರಾಕ್ಸ್ ಹಂಚಿ, ಆಕೃತಿಗಳಲ್ಲಿ ಬೇರೆಯದನ್ನು ಗುರುತಿಸುವುದು ಹೇಗೆ, ಉತ್ತರದ ವೃತ್ತ ತುಂಬುವುದು ಹೇಗೆ ಎಂದು ಹೇಳಿಕೊಡುವವರು ಅವರೇ. ಎರಡು ಗಂಟೆ, ಎಂಬತ್ತು ಪ್ರಶ್ನೆ: ಮಾನಸಿಕ ಸಾಮರ್ಥ್ಯಕ್ಕೆ ನಲವತ್ತು, ಗಣಿತಕ್ಕೆ ಇಪ್ಪತ್ತು, ಭಾಷೆಗೆ ಇಪ್ಪತ್ತು. ಕನ್ನಡದಲ್ಲೂ ಬರೆಯಬಹುದು. ಪರೀಕ್ಷೆಯ ದಿನ ತಾಲ್ಲೂಕು ಕೇಂದ್ರದ ಶಾಲೆಯ ಮುಂದೆ ಬೇಲಿಯುದ್ದಕ್ಕೂ ಅಪ್ಪ ಅಮ್ಮಂದಿರು. ಜಿಲ್ಲೆಯಿಂದ ಸಾವಿರಾರು ಮಕ್ಕಳು ಬರೆಯುತ್ತಾರೆ, ಒಂದು ಶಾಲೆಗೆ ಆಯ್ಕೆಯಾಗುವವರು ಹೆಚ್ಚೆಂದರೆ ಎಂಬತ್ತು. ಒಳಗೆ ಹೋದ ಮಗು ಒಂಬತ್ತನೇ ತರಗತಿಗೆ ಬಂದಾಗ ಇನ್ನೊಂದು ಅನುಭವ ಕಾದಿರುತ್ತದೆ: ನೂರಕ್ಕೆ ಮೂವತ್ತು ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗುತ್ತಾರೆ. ಕನ್ನಡದ ಮಗು ಹಿಂದಿ ಸೀಮೆಗೆ, ಅಲ್ಲಿನ ಮಗು ಇಲ್ಲಿಗೆ. ದೂನ್ ಸ್ಥಾಪಕರು ಕಂಡ ಪ್ರಾಂತ್ಯ ಮೀರಿದ ಬಳಗ ನಿಜವಾಗಿ ನಡೆಯುತ್ತಿರುವುದು ಈ ಶಾಲೆಗಳಲ್ಲಿ. ತಮಿಳುನಾಡು ಒಂದನ್ನು ಬಿಟ್ಟು ದೇಶದ ಎಲ್ಲೆಡೆ ಇರುವ ನವೋದಯಗಳ ಸಂಖ್ಯೆ ಈಗ ಆರುನೂರ ಐವತ್ತರ ಆಸುಪಾಸು.

ಇದಕ್ಕೂ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಹೇಳಿದ್ದು ಸಮಾನ ಶಾಲಾ ವ್ಯವಸ್ಥೆಯ ಮಾತು: ಎಲ್ಲ ಮಕ್ಕಳಿಗೂ ನೆರೆಹೊರೆಯಲ್ಲೇ ಒಳ್ಳೆಯ ಶಾಲೆ. ಅದನ್ನು ಕೈಬಿಟ್ಟು ಸರ್ಕಾರ ಜಿಲ್ಲೆಗೆ ಎಂಬತ್ತು ಮಕ್ಕಳನ್ನು ಆರಿಸಿಕೊಂಡಿತು. ಉಳಿದ ಸಾವಿರಾರು ಮಕ್ಕಳನ್ನು ಸೋರುವ ಸೂರಿನ ಶಾಲೆಗೆ ಮರಳಿ ಕಳಿಸಿತು. ದೂನ್ ಶುರುವಾದ ಎರಡೇ ವರ್ಷಕ್ಕೆ, 1937ರಲ್ಲಿ, ವಾರ್ಧಾದಲ್ಲಿ ಗಾಂಧೀಜಿ ಮಾತೃಭಾಷೆಯಲ್ಲಿ ಕೈಕಸುಬಿನ ಮೂಲಕ ಕಲಿಸುವ ನಯೀ ತಾಲೀಮ್ ಮುಂದಿಟ್ಟರು. ಸ್ವತಂತ್ರ ಭಾರತದ ಮುಂದೆ ಎರಡೂ ದಾರಿ ಇದ್ದವು. ಆಳುವವರು ತಮ್ಮ ಮಕ್ಕಳನ್ನು ಯಾವ ದಾರಿಯಲ್ಲಿ ಕಳಿಸಿದರು ಎಂಬುದು ಎಲ್ಲರಿಗೂ ಗೊತ್ತಿದೆ. ನೆಹರೂ ಓದಿದ್ದು ಹ್ಯಾರೋದಲ್ಲಿ, ಅವರ ಮೊಮ್ಮಕ್ಕಳು ದೂನ್‌ನಲ್ಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯಾದರೂ ಈ ಬಾಗಿಲು ತೆರೆಯಿತೇ ಎಂದರೆ, ಇಲ್ಲ. ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸೀಟು ಎಂಬ ಆರ್‌ಟಿಇ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಂದನೇ ತರಗತಿಯ ಅಥವಾ ಅದಕ್ಕೂ ಮೊದಲಿನ ಪ್ರವೇಶವನ್ನು. ದೂನ್‌ನಲ್ಲಿ ಪ್ರವೇಶ ಶುರುವಾಗುವುದೇ ಏಳನೇ ತರಗತಿಗೆ. ವಿದ್ಯಾರ್ಥಿವೇತನ ಕೊಡುತ್ತಾರೆ, ಅದರಿಂದ ಓದಿ ಮೇಲೆ ಬಂದವರೂ ಇದ್ದಾರೆ. ಆದರೆ ಅದು ಶಾಲೆ ತನ್ನಿಷ್ಟದಂತೆ ಕೊಡುವುದು; ಮಗು ಹಕ್ಕಿನಿಂದ ಕೇಳಿ ಪಡೆಯುವುದಲ್ಲ.

ದೇವನಹಳ್ಳಿ ಮತ್ತು ಮೊರಾರ್ಜಿ ಶಾಲೆ

ಬೆಂಗಳೂರಿಗೆ ಬಂದಿರುವ ಹ್ಯಾರೋ ಅಮಿಟಿ ಸಮೂಹದ ಜೊತೆಗೂಡಿ ನಡೆಯುತ್ತಿರುವ ಶಾಲೆ. ಮೂಲ ಹ್ಯಾರೋ 1572ರದು. ದೂನ್ ಕಟ್ಟಿದವರು ಹ್ಯಾರೋದಿಂದ ಮೇಷ್ಟ್ರನ್ನು ಕರೆಸಿದರು, ಹೆಸರನ್ನು ತರಲಿಲ್ಲ. ಹಾಡು ಟ್ಯಾಗೋರರದು, ಬೆಟ್ಟ ಗಢವಾಲದ್ದು, ಗುರಿ ಈ ದೇಶದ ಸೇವೆ. ಆ ಗುರಿ ಪೂರ್ತಿ ಈಡೇರದಿದ್ದರೂ ಅದನ್ನು ಹಿಡಿದು ಶಾಲೆಯನ್ನು ಪ್ರಶ್ನಿಸಲು ನಮಗೆ ಒಂದು ಆಧಾರ ಉಳಿದಿದೆ. ಈಗ ಬರುತ್ತಿರುವುದು ಹೆಸರಿನ ಗುತ್ತಿಗೆ. ಇಲ್ಲಿ ಓದಿದ ಮಗು ಕೇಂಬ್ರಿಜ್ ಪಠ್ಯಕ್ರಮ ಮುಗಿಸಿ ವಿದೇಶದ ವಿಶ್ವವಿದ್ಯಾಲಯಕ್ಕೆ ಹೊರಡುವುದೇ ಸಹಜ ದಾರಿ. ಹಿಂದಿನ ಸಿರಿವಂತರ ಶಾಲೆಗಳು ದೇಶವನ್ನು ಆಳುವವರನ್ನು ತಯಾರಿಸುತ್ತಿದ್ದವು, ಹೊಸವು ದೇಶ ಬಿಡುವವರನ್ನು ತಯಾರಿಸುತ್ತಿವೆ. ಪೋಷಕರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಕೈಲಾದವರು ಮಕ್ಕಳಿಗೆ ಒಳ್ಳೆಯದೆನಿಸಿದ್ದನ್ನು ಮಾಡುತ್ತಾರೆ. ಆದರೆ ಪ್ರಭಾವ ಇರುವವರ ಮಕ್ಕಳೆಲ್ಲ ಒಂದು ಬೇಲಿಯೊಳಗೆ ಸೇರಿಕೊಂಡಷ್ಟೂ, ಹೊರಗಿನ ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಎಂದು ದನಿ ಎತ್ತುವವರು ಕಡಿಮೆಯಾಗುತ್ತಾರೆ.

ವಿಮಾನ ನಿಲ್ದಾಣದ ಈ ರಸ್ತೆಯಿಂದ ಕಣ್ಣು ತೆಗೆದು ರಾಜ್ಯದ ಉಳಿದ ಕಡೆ ನೋಡಿದರೆ ಕರ್ನಾಟಕದ ನಿಜವಾದ ವಸತಿ ಶಾಲೆಗಳು ಕಾಣುತ್ತವೆ. ಮೈಸೂರಿನ ಯಾದವಗಿರಿಯಲ್ಲಿ 1953ರಿಂದ ನಡೆಯುತ್ತಿರುವ ರಾಮಕೃಷ್ಣ ವಿದ್ಯಾಶಾಲೆ, 1963ರ ವಿಜಯಪುರದ ಸೈನಿಕ ಶಾಲೆ ಎಲ್ಲರಿಗೂ ಗೊತ್ತಿರುವಂಥವು. ಸಂಖ್ಯೆಯಲ್ಲಿ ಇವೆಲ್ಲವನ್ನೂ ಮೀರಿಸಿರುವುದು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮೊದಲಾದ ಹೆಸರಿನ ಸರ್ಕಾರಿ ವಸತಿ ಶಾಲೆಗಳು. ಕ್ರೈಸ್ ಎಂದು ಕರೆಯುವ ರಾಜ್ಯದ ಸಂಸ್ಥೆಯ ಕೆಳಗೆ ಇಂಥ ಎಂಟುನೂರಕ್ಕೂ ಹೆಚ್ಚು ಶಾಲೆ, ಕಾಲೇಜುಗಳಿವೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಶುಲ್ಕವಿಲ್ಲ. ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಬಡ ಮಕ್ಕಳಿಗೆ ವಸತಿ ಶಿಕ್ಷಣ ಕೊಡುತ್ತಿರುವ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು. ನಾವು ಇದರ ಬಗ್ಗೆ ಹೆಮ್ಮೆ ಪಡುವುದೂ ಕಡಿಮೆ, ವಿಚಾರಿಸುವುದೂ ಕಡಿಮೆ.

ದೂನ್‌ನಿಂದ ಈ ಶಾಲೆಗಳು ತೆಗೆದುಕೊಳ್ಳಬೇಕಾದದ್ದು ಟೈ, ಬ್ಲೇಜರ್ ಅಲ್ಲ. ಹಾಸ್ಟೆಲಿನ ಪಕ್ಕದಲ್ಲೇ ಕುಟುಂಬ ಸಮೇತ ವಾಸವಿದ್ದು, ಯಾವ ಮಗು ರಾತ್ರಿ ಊಟ ಬಿಟ್ಟಿದೆ ಎಂದು ತಿಳಿದಿರುವ ಶಿಕ್ಷಕ ಬೇಕು. ಮಕ್ಕಳೇ ಬರೆದು ತಿದ್ದುವ ಪತ್ರಿಕೆ ಬೇಕು. ಕನ್ನಡದಲ್ಲಿ ಅದಕ್ಕೆ ದೊಡ್ಡ ಖರ್ಚೂ ಬೇಡ. ವರ್ಷಕ್ಕೊಮ್ಮೆಯಾದರೂ ಯಾದಗಿರಿಯ ಮಗು ಕುದುರೆಮುಖವನ್ನೋ ಕುಮಾರಪರ್ವತವನ್ನೋ ಹತ್ತಬೇಕು, ಕೊಡಗಿನ ಮಗು ಕೃಷ್ಣೆಯ ಬಯಲು ನೋಡಬೇಕು. ವಿಕ್ರಮ್ ಸೇಠ್ ಹೇಳಿದ ಒಂಟಿತನ ಮೊರಾರ್ಜಿ ಶಾಲೆಯ ಮಗುವಿಗೂ ಇದೆ. ಅದಕ್ಕೆ ಅದನ್ನು ಹೇಳಿಕೊಳ್ಳುವ ವೇದಿಕೆ ಇಲ್ಲ ಅಷ್ಟೇ. ಹಾಗಾಗಿ ಆಪ್ತಸಮಾಲೋಚಕರು ಇರಬೇಕು, ಭೇಟಿ ಕೊಟ್ಟ ದಿನ ದಾಖಲಾಗಬೇಕು.

ಇದೆಲ್ಲ ಆಗಬೇಕಾದರೆ ಮೊದಲು ಕಾಯಂ ಹುದ್ದೆ ತುಂಬಬೇಕು. ವರ್ಷ ವರ್ಷ ಬದಲಾಗುವ ಅತಿಥಿ ಶಿಕ್ಷಕರಿಂದ, ಎರಡು ಹಾಸ್ಟೆಲಿಗೆ ಒಬ್ಬರೇ ನಿಲಯಪಾಲಕರಿಂದ ಬಳಗ ಕಟ್ಟಲಾಗದು. ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿರುವ ವಸತಿ ಶಾಲೆಗಳಿಗೆ ಸ್ವಂತ ಕಟ್ಟಡ ಯಾವಾಗ ಎಂಬುದು ಎರಡನೇ ಪ್ರಶ್ನೆ. ಪ್ರತಿ ಬಜೆಟ್ಟಿನಲ್ಲಿ ಹೊಸ ವಸತಿ ಶಾಲೆಗಳ ಘೋಷಣೆಗೆ ಚಪ್ಪಾಳೆ ಬೀಳುತ್ತದೆ. ಇರುವ ಶಾಲೆಗಳಲ್ಲಿ ಎಷ್ಟು ನಿಲಯಪಾಲಕರ ಹುದ್ದೆ ಖಾಲಿ ಇದೆ, ಎಷ್ಟು ಶಾಲೆಗಳಲ್ಲಿ ಶಿಕ್ಷಕರಿಗೆ ವಸತಿಗೃಹವಿದೆ ಎಂಬ ಪಟ್ಟಿಯನ್ನು ತಾಲ್ಲೂಕುವಾರು ಸದನದ ಮುಂದಿಡಿ ಎಂದು ನಮ್ಮ ಶಾಸಕರನ್ನು ನಾವು ಈ ವರ್ಷವೇ ಕೇಳಬಹುದು.